ಗೋಷ್ವಾರೆ ಮತ್ತು ಉದ್ದಣ್ಣನ ಕೆಂಪು ಸಾಲು

ನಮ್ಮ ಆಫೀಸಿನಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳ ಹಾಕುವವರಿಗೆ ಮಾತ್ರ. ಉಳಿದವರಿಗೆಲ್ಲ ಅವಳು ಗೋಷ್ವಾರೆ, ಅಂದರೆ ಲೆಕ್ಕಪತ್ರದವರ ಭಾಷೆಯಲ್ಲಿ ಒಟ್ಟು ಸಾರಾಂಶ. ಆ ಹೆಸರನ್ನು ಅವಳೇ ಮೈಮೇಲೆ ಎಳೆದುಕೊಂಡದ್ದು. ನಮ್ಮ ಕಂಪನಿಯ ಮಿಷನ್ನು ಸರಿಯಿದೆಯೇ ಎಂದು ನೋಡಲು ರಾತ್ರಿಯೆಲ್ಲ ಓಡಿದ ಟೆಸ್ಟುಗಳ ಫಲಿತಾಂಶ ಬೆಳಿಗ್ಗೆ ರಾಶಿ ರಾಶಿಯಾಗಿ ಕಂಪ್ಯೂಟರಿನಲ್ಲಿ ಬಂದು ಬಿದ್ದಿರುತ್ತಿತ್ತು. ಅದನ್ನು ಯಾರೂ ಓದುವ ಹಾಗಿರಲಿಲ್ಲ, ಓದಿದವರ ತಲೆ ನೆಟ್ಟಗೆ ಉಳಿಯುವ ಹಾಗೂ ಇರಲಿಲ್ಲ. ಅದಕ್ಕೇ ಅವಳು ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಕಪ್ಪು ಪರದೆಯ ಮೇಲೆ ‘ಗೋಷ್ವಾರೆ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ಅದು ಆ ರಾಶಿಯನ್ನೆಲ್ಲ ನುಂಗಿ ನಾಲ್ಕೇ ಸಾಲು ಉಗುಳುತ್ತಿತ್ತು. ಪಾಸಾದದ್ದು ಎಷ್ಟು, ಫೇಲಾದದ್ದು ಎಷ್ಟು, ಓಡದೆ ಉಳಿದದ್ದು ಎಷ್ಟು. ಯಾವುದಾದರೂ ಫೇಲಾಗಿದ್ದರೆ ಆ ಟೆಸ್ಟಿನ ಹೆಸರು ಮತ್ತು ಅದನ್ನು ಬರೆದವರ ಹೆಸರು ಕೆಂಪು ಅಕ್ಷರದಲ್ಲಿ ಬರುತ್ತಿತ್ತು. ಎಲ್ಲ ಪಾಸಾಗಿದ್ದರೆ ಯಾರ ಹೆಸರೂ ಇಲ್ಲ, ಬರೀ ಹಸಿರು.

ಪ್ರೋಗ್ರಾಮಿಗೆ ತಕ್ಕ ಒಡತಿ. ಅವಳಿಗೆ ಉದ್ದ ಮಾತು ಆಗುತ್ತಿರಲಿಲ್ಲ. ಯಾರದೋ ಮದುವೆಗೆ ಹೋಗಿಬಂದಳು, ಊಟ ಹೇಗಿತ್ತು ಎಂದು ಕೇಳಿದೆ. “ನಾಲ್ಕು ಪಾಸು, ಪಲ್ಯ ಫೇಲು” ಎಂದು ಕುರ್ಚಿ ತಿರುಗಿಸಿಕೊಂಡಳು. ಅವಳ ಅಮ್ಮನೋ ತದ್ವಿರುದ್ಧ. ಹಾಲಿನವನು ಯಾಕೆ ತಡವಾಗಿ ಬಂದ ಎಂದು ಹೇಳಬೇಕಾದರೆ ಅವನ ಅಜ್ಜನ ಕಾಲದಿಂದ ಶುರುಮಾಡುವ ಹೆಂಗಸು. ಒಂದು ಸಲ ನಾನು ಅವರ ಮನೆಗೆ ಹೋಗಿದ್ದಾಗ ಆಕೆ ಕೈ ಆಡಿಸುತ್ತ ಏನೋ ಹೇಳುತ್ತಿದ್ದರು. ಮಗಳು ಬಟ್ಟೆ ಮಡಚುತ್ತಲೇ “ಅಮ್ಮಾ, ಕೊನೇ ಸಾಲು ಹೇಳು” ಎಂದಳು. ಆಕೆ ನನ್ನ ಕಡೆ ತಿರುಗಿ, “ನೋಡಿದ್ರಾ? ಇವಳನ್ನ ಹೆರೋಕೆ ಒಂಬತ್ತು ತಿಂಗಳು ಕಾದೆ. ಇವಳಿಗೆ ನನ್ನ ಒಂದು ಮಾತು ಮುಗಿಯೋ ತನಕ ಕಾಯೋಕಾಗಲ್ಲ” ಎಂದರು.

ನಾನು ಯಾರು ಎಂದರೆ, ಅವಳ ಪಕ್ಕದ ಮೇಜಿನವನು. ನಮ್ಮ ಕಂಪನಿಯ ಮಿಷನ್ನಿನ ಜೊತೆ ಒಂದು ಕೈಪಿಡಿ ಕೊಡುತ್ತಾರಲ್ಲ, ಅದನ್ನು ಬರೆಯುವವನು. ಯಾರೂ ಓದದ ಪುಸ್ತಕ ಬರೆದೇ ತಲೆ ಹಣ್ಣು ಮಾಡಿಕೊಂಡ ಪ್ರಾಣಿ. ಗೋಷ್ವಾರೆ ನನ್ನನ್ನು “ಪುಸ್ತಕದವರೇ” ಎಂದು ಕರೆಯುತ್ತಿದ್ದಳು. ಅದರಲ್ಲಿ ಗೌರವ ಎಷ್ಟಿತ್ತು, ಗೇಲಿ ಎಷ್ಟಿತ್ತು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಆ ಮಿಷನ್ನು ಉಸಿರಿನದು. ಮಲಗಿದಾಗ ತಾವಾಗಿ ಉಸಿರೆಳೆದುಕೊಳ್ಳಲಾರದಷ್ಟು ಎದೆ ಸೋತವರ ಮಂಚದ ಪಕ್ಕ ಕೂತು, ಕೊಳವೆಯಲ್ಲಿ ಗಾಳಿ ಊದುವ ಪೆಟ್ಟಿಗೆ. ಅದಕ್ಕೆ ಕೆಲಸ ಹತ್ತಾರು ಇವೆ, ಎಲ್ಲವನ್ನೂ ನನ್ನ ಕೈಪಿಡಿಯಲ್ಲಿ ಬರೆದಿದ್ದೇನೆ, ಬೇಕಾದವರು ಓದಿಕೊಳ್ಳಲಿ. ಆದರೆ ಎಲ್ಲಕ್ಕಿಂತ ದೊಡ್ಡ ಕೆಲಸ ಒಂದೇ. ಮಲಗಿದವರು ಮಗ್ಗುಲು ಬದಲಾಯಿಸುವಾಗ ಕೊಳವೆ ಕಳಚಿಕೊಂಡರೆ ಮನೆಮಂದಿಯೆಲ್ಲ ಎದ್ದು ಓಡಿಬರುವ ಹಾಗೆ ಅದು ಕೂಗಬೇಕು. ಕೂಗದಿದ್ದರೆ ಮಲಗಿದವರು ಏಳುವುದಿಲ್ಲ.

ಟೆಸ್ಟು ನಡೆಯುತ್ತಿದ್ದ ಕೋಣೆ ನಮ್ಮ ಹಜಾರದ ಆಚೆ, ಗಾಜಿನ ಬಾಗಿಲಿನ ಹಿಂದೆ. ಉದ್ದನೆಯ ಬೆಂಚುಗಳ ಮೇಲೆ ಸಾಲಾಗಿ ಮಿಷನ್ನುಗಳು. ಪ್ರತಿಯೊಂದರ ಕೊಳವೆಯ ತುದಿಗೂ ಮನುಷ್ಯನ ಎದೆಯ ಬದಲು ಒಂದು ರಬ್ಬರ್ ಚೀಲ. ಗಾಳಿ ಬಂದಾಗ ಚೀಲಗಳು ಉಬ್ಬುತ್ತವೆ, ಹೋದಾಗ ಕುಗ್ಗುತ್ತವೆ. ಕೋಣೆಯಲ್ಲಿ ಒಬ್ಬ ನರಪಿಳ್ಳೆ ಇಲ್ಲ, ಆದರೆ ಕೋಣೆ ತುಂಬ ಉಸಿರು. ಮೊದಲ ಸಲ ಒಳಗೆ ಕಾಲಿಟ್ಟಾಗ ನನ್ನ ಮೈ ಜುಂ ಎಂದಿತ್ತು. ಸಬೂಬು ಹೇಳಿ ಹೊರಗೆ ಬಂದುಬಿಟ್ಟೆ. ಆಮೇಲೂ ಅಲ್ಲಿಗೆ ಒಬ್ಬನೇ ಹೋದವನಲ್ಲ.

ಆ ಕೋಣೆಯ ಯಜಮಾನ ಉದ್ದಣ್ಣ. ಟೆಸ್ಟು ಬರೆಯುವವರಿಗೆಲ್ಲ ಹಿರಿಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವನನ್ನು ನೋಡದೆ ಮಾಡಿದ್ದು. ಯಾವ ಹಾಸಿಗೆಯೂ ಅವನಿಗೆ ಸಾಲುತ್ತಿರಲಿಲ್ಲ, ಯಾವ ಬಾಗಿಲಲ್ಲೂ ಅವನು ತಲೆ ತಗ್ಗಿಸದೆ ಹೊಕ್ಕವನಲ್ಲ. ತನ್ನ ಟೆಸ್ಟುಗಳ ನೆತ್ತಿಯ ಮೇಲೆ ಬರೆದವರ ಹೆಸರು ಹಾಕಬೇಕಾದ ಕಡೆಯೂ ‘ಉದ್ದಣ್ಣ’ ಎಂದೇ ಹಾಕುತ್ತಿದ್ದ. ಗೋಷ್ವಾರೆ ಬೇರೆ ಕಡೆ ಟೈಪಿಂಗ್ ಕೆಲಸ ಮಾಡಿಕೊಂಡಿದ್ದವಳು. ಇಲ್ಲಿಗೆ ಬಂದಾಗ ಅವಳಿಗೆ ಈ ವಿದ್ಯೆ ಕಲಿಸಿದವನು ಅವನೇ. “ನೆಂಟರನ್ನ ಯಾಕೆ ಬಂದ್ರಿ ಅಂತ ಕೇಳಬಾರದು ಕಣಮ್ಮ, ಫೇಲಾದ ಟೆಸ್ಟನ್ನ ಕೇಳದೆ ಬಿಡಬಾರದು” ಎನ್ನುತ್ತಿದ್ದ. ಅವಳು ಅವನನ್ನು ಅಣ್ಣ ಎಂದು ಕರೆಯುತ್ತಿದ್ದದ್ದು ಬಾಯಿಮಾತಿಗಲ್ಲ. ಒಡಹುಟ್ಟಿದವರಿಲ್ಲದ ಅವಳಿಗೆ ಅವನು ನಿಜವಾಗಿಯೂ ಅಣ್ಣನೇ ಆಗಿದ್ದ.

ಅವನು ಕೊನೆಯದಾಗಿ ಬರೆದದ್ದು ಕೂಗಿನ ಟೆಸ್ಟು. ಒಂದೇ ಮಿಷನ್ನನ್ನು ಆಫ್ ಮಾಡದೆ ದಿನಗಟ್ಟಲೆ ಓಡಿಸುವುದು, ಆಗಾಗ ಕೊಳವೆ ಕಳಚುವುದು, ಕೂಗಿತೇ ಎಂದು ನೋಡುವುದು, ಮತ್ತೆ ಸಿಕ್ಕಿಸುವುದು. ಇದಕ್ಕೆ ಯಾಕಪ್ಪ ಇಷ್ಟು ದಿನ ಎಂದು ನಾನೇ ಕೇಳಿದ್ದೆ. “ಮನೇಲಿ ಯಾರು ಇದನ್ನ ದಿನಾ ಆಫ್ ಮಾಡಿ ಆನ್ ಮಾಡ್ತಾರೆ ಪುಸ್ತಕದವರೇ? ತಿಂಗಳುಗಟ್ಟಲೆ ಓಡ್ತಾನೇ ಇರತ್ತೆ. ದಣಿದ ಮೇಲೆ ಹೇಗೆ ಅಂತ ನೋಡಬೇಕಲ್ಲ” ಎಂದಿದ್ದ.

ದಣಿದಿದ್ದವನು ತಾನೇ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ಒಂದು ಸಂಜೆ ಎಂದಿನಂತೆ ಬಸ್ಸು ಹತ್ತಿದ, ಕಿಟಕಿಯ ಪಕ್ಕ ಸೀಟು ಹಿಡಿದ, ತಲೆ ಒರಗಿಸಿದ. ಸುತ್ತ ಕೂತಿದ್ದವರು ನಿದ್ದೆ ಎಂದುಕೊಂಡರು. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಭುಜ ಅಲುಗಾಡಿಸಿ ಎಬ್ಬಿಸಲು ನೋಡಿದಾಗ ಉದ್ದಣ್ಣ ಏಳಲಿಲ್ಲ. ಎಷ್ಟು ಸ್ಟಾಪು ಅವನು ಹಾಗೇ ಪ್ರಯಾಣ ಮಾಡಿದ್ದನೋ ಯಾರಿಗೂ ಗೊತ್ತಿಲ್ಲ. ಎದೆ ನಿಂತಿತ್ತು ಎಂದರು ಡಾಕ್ಟರು.

ಕಂಪನಿಯವರು ಅವನ ಹೆಂಡತಿಗೆ ಕೆಲಸ ಕೊಟ್ಟರು. ಗಿರಾಕಿಗಳ ಫೋನ್ ತೆಗೆದುಕೊಂಡು ದೂರು ಕೇಳುವ ಕೆಲಸ. ಅವನು ನಮಗೆ ಅಣ್ಣನಾದ್ದರಿಂದ ಆಕೆ ಎಲ್ಲರಿಗೂ ಅತ್ತಿಗೆ. ನಮ್ಮ ಹಜಾರದಲ್ಲೇ, ಗೋಡೆಯ ಟೀವಿಗೆ ಎದುರಾಗಿ ಮೇಜು ಹಾಕಿಕೊಟ್ಟರು. ಗೋಷ್ವಾರೆಯ ನಾಲ್ಕು ಸಾಲು ದಿನಾ ಬೆಳಿಗ್ಗೆ ಮೂಡುತ್ತಿದ್ದದ್ದು ಆ ಟೀವಿಯ ಮೇಲೆಯೇ.

ಅತ್ತಿಗೆ ಸೇರಿ ಸ್ವಲ್ಪ ದಿನವಾಗಿತ್ತು. ಒಂದು ಬೆಳಿಗ್ಗೆ ಟೀವಿ ಹಚ್ಚಿದಾಗ ಕೆಂಪು ಸಾಲೊಂದು ಕಂಡಿತು. ಕೂಗಿನ ಟೆಸ್ಟು, ಫೇಲು, ಉದ್ದಣ್ಣ. ಕಾಫಿ ಲೋಟ ಬಾಯಿಗೆತ್ತಿದವರು ಹಾಗೇ ನಿಂತರು. ಗೋಷ್ವಾರೆ ಗಡಿಬಿಡಿಯಲ್ಲಿ ಆ ಟೆಸ್ಟನ್ನು ಒಂದೇ ಸಲ ಕೊಳವೆ ಕಳಚುವಷ್ಟಕ್ಕೆ ಇನ್ನೊಮ್ಮೆ ಓಡಿಸಿದಳು. ಪಾಸಾಯಿತು. ಹೆಸರು ಅಳಿಸಿಹೋಯಿತು. ಹಿಂದಿನಿಂದ ಯಾರೋ ಮೆಲ್ಲಗೆ, “ಉದ್ದಣ್ಣ ಬಂದು ಹೋದ” ಎಂದರು. ಯಾರೂ ನಗಲಿಲ್ಲ.

ಫೇಲಾದದ್ದನ್ನು ಮತ್ತೊಮ್ಮೆ ಓಡಿಸಿ ನೋಡುವುದು ಈ ಕಸುಬಿನವರ ಹಳೇ ಚಾಳಿ. ಎರಡನೇ ಸಲ ಪಾಸಾದರೆ, ಏನೋ ಗಾಳಿ ಸೋಕಿತ್ತು ಬಿಡು ಎಂದು ಮುಂದಕ್ಕೆ ಹೋಗುತ್ತಾರೆ. ಬೇರೆಯವರ ಟೆಸ್ಟಾಗಿದ್ದರೆ ಯಾರಾದರೂ ಒಬ್ಬರು ಬೈದುಕೊಂಡಾದರೂ ಒಳಹೊಕ್ಕು ನೋಡುತ್ತಿದ್ದರೇನೋ. ಇದು ಉದ್ದಣ್ಣನದು. ಸತ್ತವನ ಹೆಸರಿನ ಟೆಸ್ಟನ್ನು ತೆರೆದು, ಅವನು ಬರೆದದ್ದರಲ್ಲಿ ತಪ್ಪು ಹುಡುಕಲು ಒಬ್ಬರಿಗೂ ಕೈ ಬರಲಿಲ್ಲ. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಅವನು ಕೆಂಪಾಗಿ ಬರುತ್ತಿದ್ದ, ಮತ್ತೆ ಓಡಿಸಿದರೆ ಹೋಗುತ್ತಿದ್ದ. ಓದಿದವರು, ಲೆಕ್ಕ ಬಲ್ಲವರು, ದೆವ್ವ ಎಂದರೆ ಮೂಗು ಮುರಿಯುವವರು. ಅಂಥವರೇ ಅವನ ಖಾಲಿ ಕುರ್ಚಿಯನ್ನು ಸುತ್ತು ಹಾಕಿಕೊಂಡು ಓಡಾಡಲು ಶುರುಮಾಡಿದರು. ನಾನು ಮಾತ್ರ ನೇರ ನಡೆಯುತ್ತಿದ್ದೆ ಎಂದು ಜಂಬ ಕೊಚ್ಚಿಕೊಳ್ಳಬಹುದಿತ್ತು, ಆದರೆ ನನ್ನ ಮೇಜೇ ಆ ಕಡೆ ಇರಲಿಲ್ಲ.

ಗೋಷ್ವಾರೆಗೆ ಹೆದರಿಕೆಗಿಂತ ಸಂಕಟ ಹೆಚ್ಚಾಗಿತ್ತು. ಕೆಂಪು ಸಾಲು ಮೂಡಿದ ಕೂಡಲೇ ಅತ್ತಿಗೆಯ ಕೈ ಫೋನಿನ ಮೇಲೆ ನಿಂತುಬಿಡುವುದನ್ನು ಅವಳು ನೋಡುತ್ತಿದ್ದಳು. “ಗಂಡನ ಹೆಸರಿನ ಮುಂದೆ ಫೇಲು ಅಂತ ಮತ್ತೆ ಮತ್ತೆ ಓದಿಸ್ತಾ ಇದೀನಿ ಅವರ ಕೈಲಿ. ನನ್ನಂಥ ಪಾಪಿ ಯಾರಿದಾರೆ?” ಎಂದು ಒಂದು ಮಧ್ಯಾಹ್ನ ನನ್ನ ಹತ್ತಿರ ಹೇಳಿ ಕಣ್ಣೊರೆಸಿಕೊಂಡಳು. ಅವಳ ಬಾಯಲ್ಲಿ ಅಷ್ಟು ಉದ್ದದ ಮಾತು ಕೇಳಿದ್ದು ಅದೇ ಮೊದಲು.

ನಮ್ಮ ಸಾಹೇಬರಿಗೂ ಇದು ಬೇಡವಾಗಿತ್ತು. ಟೀವಿ ಹಸಿರಾಗಿದ್ದರೆ ಹೊಟ್ಟೆ ತಣ್ಣಗಿರುವ ಮನುಷ್ಯ. ಅವಳನ್ನು ಕರೆದು, ಬೆಣ್ಣೆಯಂಥ ದನಿಯಲ್ಲಿ, “ನೋಡಮ್ಮ, ಎರಡನೇ ಸಲಕ್ಕೆ ಪಾಸಾಯ್ತು ಅಂದ್ರೆ ಅದು ಪಾಸೇ ತಾನೆ? ನಿನ್ನ ಗೋಷ್ವಾರೆಗೆ ಅಷ್ಟು ಹೇಳಿಕೊಡು. ಪಾಪ, ಆ ಹೆಣ್ಣುಮಗಳ ಮುಖ ನೋಡೋಕಾಗಲ್ಲ ನನಗೆ” ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನರ ನಡುವೆ ಇದಂತೂ ಎಷ್ಟು ನ್ಯಾಯದ ಮಾತಾಗಿ ಕೇಳಿಸಿತು! ಗೋಷ್ವಾರೆ ಆ ದಿನವೇ ಪ್ರೋಗ್ರಾಮಿಗೆ ಕೆಲವು ಸಾಲು ಸೇರಿಸಿದಳು. ಫೇಲಾದದ್ದನ್ನು ತಾನೇ ಮತ್ತೊಮ್ಮೆ ಓಡಿಸು, ಆಗ ಪಾಸಾದರೆ ಪಾಸು ಎಂದು ಬರೆ, ಹೆಸರು ತೋರಿಸಬೇಡ.

ಅಲ್ಲಿಂದ ಬೆಳಿಗ್ಗೆಗಳೆಲ್ಲ ಹಸಿರು. ಉದ್ದಣ್ಣ ಬರುವುದು ನಿಂತಿತು. ಜನ ಅವನ ಕುರ್ಚಿಯ ಪಕ್ಕದಲ್ಲೇ ನಡೆಯತೊಡಗಿದರು, ಕೊನೆಗೆ ಯಾರೋ ಅದರ ಮೇಲೆ ಬ್ಯಾಗು ಇಟ್ಟರು. ಮಿಷನ್ನುಗಳು ಡಬ್ಬಿಯಲ್ಲಿ ಕೂತು, ನನ್ನ ಕೈಪಿಡಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋದವು. ಒಂದೇ ಒಂದು ಬದಲಾವಣೆಗೆ ಯಾರೂ ಅರ್ಥ ಕಟ್ಟಲಿಲ್ಲ. ಎಲ್ಲರಿಗಿಂತ ಮೊದಲು ಬರುತ್ತಿದ್ದ ಅತ್ತಿಗೆ ತಡವಾಗಿ ಬರಲು ಶುರುಮಾಡಿದಳು. ಬಂದವಳು ಟೀವಿಯ ಕಡೆ ಒಮ್ಮೆ ನೋಡಿ, ಏನನ್ನೋ ನುಂಗಿಕೊಂಡವಳಂತೆ ಫೋನು ಎತ್ತಿಕೊಳ್ಳುತ್ತಿದ್ದಳು.

ಹೀಗೆ ತಿಂಗಳುಗಳು ಕಳೆದ ಮೇಲೆ ಆ ಫೋನು ಬಂತು. ಊಟದ ಹೊತ್ತು, ಹಜಾರದಲ್ಲಿ ನಾವು ಮೂವರೇ ಇದ್ದೆವು. ಅತ್ತಿಗೆ ಹೂಂ, ಹೂಂ ಎನ್ನುತ್ತ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಹೂಂ ಎನ್ನುವುದೂ ನಿಂತಿತು. ಫೋನು ಇಟ್ಟವಳು ಎದ್ದು ಸೀದಾ ಗೋಷ್ವಾರೆಯ ಮೇಜಿಗೆ ಬಂದಳು. ಏನೋ ದೂರು ಹೇಳುತ್ತಾಳೆ ಎಂದುಕೊಂಡೆ. ಆಕೆ ಕೇಳಿದ್ದು ಬೇರೆಯೇ.

“ನಿಮ್ಮಣ್ಣ ಬರೋದು ಯಾಕೆ ನಿಲ್ಲಿಸಿದ್ರು?”

ಗೋಷ್ವಾರೆಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. “ಅತ್ತಿಗೆ…”

“ಮೊದಲು ಆಗಾಗ ಬರೋರು, ಅಲ್ಲಿ, ಕೆಂಪಾಗಿ. ಇವತ್ತು ಬರ್ತಾರೇನೋ ಅಂತ ಓಡೋಡಿ ಬರ್ತಿದ್ದೆ. ಅದೊಂದು ಹೆಸರು ನೋಡಿದ್ರೆ ಆ ವಾರ ಹೇಗೋ ತಳ್ಳಿಬಿಡ್ತಿದ್ದೆ ಕಣೆ. ಈಗ ಎಷ್ಟು ದಿನ ಆಯ್ತು, ಸುಳಿವೇ ಇಲ್ಲ. ಟೆಸ್ಟನ್ನೇ ತೆಗೆದುಹಾಕಿದ್ರಾ?”

“ಇಲ್ಲ ಅತ್ತಿಗೆ. ಹೆಸರು ಕಾಣದ ಹಾಗೆ ಮಾಡಿದೀನಿ. ನಿಮಗೆ ನೋವಾಗತ್ತೆ ಅಂತ ನಾನೇ…”

“ನನ್ನ ಕೇಳದೆ?”

ಗೋಷ್ವಾರೆ ತಲೆ ತಗ್ಗಿಸಿದಳು. ನನಗೆ ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ನೀರು ಕುಡಿದೆ.

ಅತ್ತಿಗೆ ಸಿಟ್ಟಾಗಲಿಲ್ಲ. ಎದುರಿನ ಕುರ್ಚಿ ಎಳೆದುಕೊಂಡು ಕೂತಳು. “ಆ ಟೆಸ್ಟಲ್ಲಿ ಅವರು ಏನು ನೋಡ್ತಿದ್ದದ್ದು? ಮನೇಲೂ ಅದನ್ನೇ ಹೇಳ್ತಿದ್ರು, ನಾನು ಪಾತ್ರೆ ತೊಳೀತಾ ಅರ್ಧಂಬರ್ಧ ಕೇಳಿಸ್ಕೊಂಡೆ. ಕೊಳವೆ ಕಳಚಿದ್ರೆ ಮಿಷನ್ ಕೂಗತ್ತಾ ಅಂತ ಅಲ್ವಾ?”

“ಹೌದು.”

“ಈಗ ಫೋನ್ ಮಾಡಿದ ಹೆಂಗಸು ಅದನ್ನೇ ಹೇಳಿದಳು. ನಿನ್ನೆ ರಾತ್ರಿ ಅವಳ ಗಂಡನ ಕೊಳವೆ ಬಿಚ್ಚಿಕೊಂಡಿತ್ತಂತೆ, ಮಿಷನ್ ಪಿಟಿಕ್ ಅನ್ನಲಿಲ್ವಂತೆ. ಇವಳು ಬಾಯಾರಿ ನೀರಿಗೆ ಎದ್ದಳಂತೆ, ಹಾಗಾಗಿ ಗಂಡ ಉಳಿದ. ‘ನನಗೆ ಬಾಯಾರಿಕೆ ಆಗದೇ ಇದ್ದಿದ್ರೆ ಏನು ಗತಿ’ ಅಂತ ಕೇಳಿದಳು. ಏನು ಹೇಳಲಿ ನಾನು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗೋಷ್ವಾರೆ ಹೆಗಲು ಮುಟ್ಟಿಕೊಳ್ಳಲಿಲ್ಲ, ಕೈ ತೊಳೆದು ಬಂದು ಕೂತು, ತನ್ನ ನಾಲ್ಕು ಸಾಲನ್ನು ಬದಿಗೆ ಸರಿಸಿ, ಅದು ನುಂಗಿದ್ದ ಮೂಲ ರಾಶಿಯನ್ನೇ ತೆರೆದಳು. ಸಂಜೆಯವರೆಗೂ ಓದಿದಳು. ಉದ್ದಣ್ಣ ಬರುವುದನ್ನು ನಿಲ್ಲಿಸಿರಲಿಲ್ಲ. ಮೊದಲಿನಂತೆಯೇ ಬರುತ್ತಿದ್ದ, ಪ್ರೋಗ್ರಾಮು ಅವನನ್ನು ಬಾಗಿಲಲ್ಲೇ ತಡೆದು ಹಸಿರು ಬಳಿದು ಕಳಿಸುತ್ತಿತ್ತು. ಬಂದಾಗಲೆಲ್ಲ ಮಿಷನ್ನು ಬಹಳ ದಿನ ಬಿಡದೆ ಓಡಿತ್ತು. ಮತ್ತೊಮ್ಮೆ ಓಡಿಸುವಾಗ ಮಾತ್ರ ಅದನ್ನು ಆಫ್ ಮಾಡಿ ಹೊಸದಾಗಿ ಶುರುಮಾಡಲಾಗುತ್ತಿತ್ತು. ಹೊಸದಾಗಿ ಎದ್ದ ಮಿಷನ್ನು ಚೆನ್ನಾಗಿ ಕೂಗುತ್ತಿತ್ತು. ದಣಿದ ಮಿಷನ್ನಿನ ತಪ್ಪನ್ನು ಹಿಡಿಯಲು ಅವನು ಟೆಸ್ಟು ಬರೆದ, ಇವರು ಮಲಗಿಸಿ ಎಬ್ಬಿಸಿ, ದಣಿವು ಆರಿಸಿ, ಈಗ ಸರಿಯಾಗಿದೆ ನೋಡು ಎಂದರು. ಇಂಥ ಬೆಪ್ಪುತನಕ್ಕೆ ಜಾಣರೇ ಬೇಕು.

ಅವಳು ಸಾಹೇಬರ ಕೋಣೆಗೆ ಹೋದಾಗ ಅತ್ತಿಗೆಯೂ ಹೋದಳು, ನನ್ನನ್ನೂ ಕಣ್ಣಲ್ಲೇ ಕರೆದಳು. ಸಾಹೇಬರು ಎಲ್ಲ ಕೇಳಿ, “ಗೋಷ್ವಾರೆ ಹಸಿರಿತ್ತಲ್ಲಮ್ಮ?” ಎಂದರು.

“ಆ ಹಸಿರು ನಾನು ಬಳಿದದ್ದು ಸಾರ್.”

“ನಾನೇ ತಾನೆ ಬಳಿ ಅಂದದ್ದು” ಎಂದರು ಅವರು. ಈ ಒಂದು ಮಾತಿಗಾಗಿ ನಾನು ಆ ಮನುಷ್ಯನ ಎಷ್ಟೋ ಅಪರಾಧಗಳನ್ನು ಮನ್ನಿಸಿದ್ದೇನೆ. ಅಲ್ಲೇ ಫೋನೆತ್ತಿ ಮಿಷನ್ನು ಹೊರಗೆ ಹೋಗುವುದನ್ನು ನಿಲ್ಲಿಸಿದರು. ಹೋದ ಮನೆಗಳಿಗೆಲ್ಲ ಫೋನ್ ಮಾಡಿ, ದಿನಕ್ಕೊಮ್ಮೆ ಆಫ್ ಮಾಡಿ ಆನ್ ಮಾಡಿ, ರೋಗಿಯ ಪಕ್ಕ ಒಬ್ಬರು ಎಚ್ಚರವಿರಿ ಎಂದು ಹೇಳಲು ಅತ್ತಿಗೆಯ ಜೊತೆ ಇನ್ನಷ್ಟು ಜನರನ್ನು ಕೂರಿಸಿದರು. ಆಮೇಲೆ ಕೇಳಿದರು, “ಎಷ್ಟು ಜನಕ್ಕೆ ಹೀಗಾಗಿದೆ?”

“ಫೋನ್ ಮಾಡಿದವರು ಒಬ್ಬರೇ.”

“ಸದ್ಯ!”

“ಎದ್ದವರ ಮನೆಯವರು ಫೋನ್ ಮಾಡ್ತಾರೆ ಸಾರ್” ಎಂದಳು ಗೋಷ್ವಾರೆ. “ಏಳದೇ ಇದ್ದವರ ಮನೇಲಿ, ಪಾಪ, ಹೋಗೋ ಕಾಲ ಬಂದಿತ್ತು, ನಿದ್ದೇಲೇ ಹೋದರು, ಪುಣ್ಯವಂತರು ಅಂದುಕೊಂಡಿರ್ತಾರೆ. ಅವರು ಯಾಕೆ ಫೋನ್ ಮಾಡ್ತಾರೆ?”

ಗಾಜಿನ ಬಾಗಿಲಿನ ಆಚೆಯಿಂದ ರಬ್ಬರ್ ಚೀಲಗಳ ಉಸಿರು ಕೇಳುತ್ತಿತ್ತು. ಅಲ್ಲಿಯವರೆಗೂ ಅದು ಅಷ್ಟು ದೂರ ಕೇಳಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಅವಳು ತಾನು ಸೇರಿಸಿದ್ದ ಸಾಲುಗಳನ್ನು ಕಿತ್ತುಹಾಕಿದಳು. ಕಾರಣ ಸಿಕ್ಕಲು ಹೆಚ್ಚು ಕಾಲ ಬೇಕಾಗಲಿಲ್ಲ, ಯಾಕೆಂದರೆ ಈಗ ಎಲ್ಲರೂ ಹುಡುಕಿದರು. ಮಿಷನ್ನು ತಾನು ಮಾಡಿದ್ದನ್ನೆಲ್ಲ ತನ್ನ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಬಹಳ ದಿನ ಓಡಿದರೆ ಜಾಗ ತುಂಬಿ, ಹಳೆಯದನ್ನು ಗುಡಿಸಿ ಚೊಕ್ಕ ಮಾಡುತ್ತದೆ. ಸರಿಯಾಗಿ ಆ ಗಳಿಗೆಯಲ್ಲೇ ಕೊಳವೆ ಕಳಚಿದರೆ, ಹಿತ್ತಲು ಗುಡಿಸುವವರಿಗೆ ಮುಂಬಾಗಿಲು ತಟ್ಟಿದ್ದು ಕೇಳಿಸದ ಹಾಗೆ, ಅದಕ್ಕೆ ಕೇಳಿಸುವುದಿಲ್ಲ. ಗುಡಿಸಿ ಮುಗಿಸಿ ಬಂದಾಗ ಬಾಗಿಲು ತಟ್ಟಿದ್ದು ನೆನಪಿರುವುದಿಲ್ಲ. ಅಷ್ಟೇ ತಪ್ಪು. ತಿದ್ದಲು ಹಿಡಿದ ಶ್ರಮ ನೋಡಿದರೆ ಅಳು ಬರುತ್ತದೆ, ಅಷ್ಟು ಕಡಿಮೆ.

ತಿದ್ದಿದ್ದು ಮಿಷನ್ನು ಮಾತ್ರ. ಗೋಷ್ವಾರೆ ಕೆಟ್ಟಳು. ಬಸ್ಸಿನಲ್ಲಿ ಯಾರಾದರೂ ಕಣ್ಣು ಮುಚ್ಚಿ ತಲೆ ಒರಗಿಸಿದ್ದರೆ ಹೋಗಿ ಭುಜ ಅಲುಗಾಡಿಸುವಳು. “ರೀ, ನಿಮ್ಮ ಸ್ಟಾಪ್ ಬಂತೇನೋ ನೋಡಿ.” ಒಳ್ಳೇ ನಿದ್ದೆಯಿಂದ ಎದ್ದವರು ಉಗಿಯುತ್ತಿದ್ದರು. ಉಗಿಸಿಕೊಂಡು ಅವಳು ನಿರಾಳವಾಗಿ ಕೂರುವಳು, ಬೈಯುವಷ್ಟು ಜೀವ ಇದೆಯಲ್ಲ ಎಂದು. ಒಮ್ಮೆ ನಾನೂ ಜೊತೆಗಿದ್ದೆ. ಬೇಡ ಕಣಮ್ಮ, ಜನ ಏನಂದುಕೊಳ್ಳುತ್ತಾರೆ ಎಂದೆ. “ಅಂದುಕೊಳ್ಳಲಿ” ಎಂದಳು. ಆಮೇಲೆ ತಡೆದು, “ಎಷ್ಟು ಜನ ಅಂತ ಒಂದು ಸಂಖ್ಯೆ ಇರತ್ತಲ್ಲ ಪುಸ್ತಕದವರೇ. ಎಲ್ಲೋ ಇದ್ದೇ ಇರತ್ತೆ. ಸೊನ್ನೆ ಆಗಿದ್ರೂ ಆಗಿರಬಹುದು. ಯಾರು ಕೂಡಿ ಹೇಳ್ತಾರೆ ನನಗೆ?” ಎಂದಳು. ನಾನು ಕಿಟಕಿಯ ಆಚೆ ನೋಡಿದೆ.

ಮನೆಯಲ್ಲಿ ಅವಳ ಅಮ್ಮ ಮಧ್ಯಾಹ್ನ ಅಡ್ಡಾಗಿದ್ದರೆ ಮೂಗಿನ ಹತ್ತಿರ ಕೈ ಹಿಡಿದು ನೋಡುವುದು. ಆಕೆ ಕಣ್ಣು ಬಿಟ್ಟು, “ಇನ್ನೂ ಇದೀನಿ ಕಣೆ, ನಿನಗೇನು ಅರ್ಜೆಂಟು?” ಎನ್ನುವುದು. ಆಕೆಯೇ ನನಗೆ ಹೇಳಿದರು. ಇನ್ನೊಂದೂ ಹೇಳಿದರು. ಈಗ ಮಗಳು ಕೊನೇ ಸಾಲು ಕೇಳುವುದಿಲ್ಲವಂತೆ. ಹಾಲಿನವನ ಕಥೆಯನ್ನು ಅಜ್ಜನಿಂದ ಹಿಡಿದು ಪೂರ್ತಿ ಕೇಳುತ್ತಾಳಂತೆ, ನಡುವೆ ನಿಲ್ಲಿಸಿದರೆ “ಆಮೇಲೆ?” ಎನ್ನುತ್ತಾಳಂತೆ. “ನನಗೆ ಭಯ ಆಗತ್ತೆ ಕಣ್ರೀ. ಮೊದಲಿನ ಹಾಗೆ ಬಾಯಿ ಮುಚ್ಚು ಅಂದ್ರೆ ಸಾಕಾಗಿದೆ” ಎಂದರು ಆ ತಾಯಿ. ಹೇಳುತ್ತ ಹೇಳುತ್ತ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು.

ಮಿಷನ್ನಿನೊಳಗಿನ ತಿದ್ದಿದ ಪ್ರೋಗ್ರಾಮು ಮೊದಲು ಮನೆಗಳಿಗೆ ಹೋಯಿತು, ಎಲ್ಲಕ್ಕಿಂತ ಮೊದಲು. ಕೊನೆಯ ಮನೆಯ ಮಿಷನ್ನಿಗೂ ಹಾಕಿಯಾಯಿತು ಎಂದು ಖಾತ್ರಿಯಾದ ಮೇಲೆ, ಹಳೆಯದು ಉಳಿದದ್ದು ನಮ್ಮ ಬೆಂಚಿನ ಮೇಲಿನ ಒಂದೇ ಮಿಷನ್ನಿನಲ್ಲಿ. ಅದಕ್ಕೂ ಹೊಸದು ಹಾಕಿಬಿಟ್ಟರೆ ಕೂಗಿನ ಟೆಸ್ಟು ಇನ್ನು ಫೇಲಾಗುವುದಿಲ್ಲ. ಫೇಲಾಗದಿದ್ದರೆ ಹೆಸರು ಬರುವುದಿಲ್ಲ. ಇದು ಅತ್ತಿಗೆಗೂ ಅರ್ಥವಾಗಿತ್ತು. ಬಂದು, “ಅದನ್ನ ಅಳಿಸೋ ಮುಂಚೆ ಒಂದ್ಸಲ ನೋಡಬೇಕು ಕಣೆ” ಎಂದಳು, ಇಷ್ಟೇ.

ಗೋಷ್ವಾರೆ ತಕ್ಷಣ ಎದ್ದಳು. “ಬನ್ನಿ ಅತ್ತಿಗೆ. ಈಗ ಹೇಗೆ ಅಂತ ಗೊತ್ತಲ್ಲ. ನೆನಪು ತುಂಬಿಸಿ, ಗುಡಿಸೋ ಹೊತ್ತಿಗೆ ಕೊಳವೆ ತೆಗೆದ್ರೆ ಆಯ್ತು. ಈಗಲೇ ಬರೋ ಹಾಗೆ ಮಾಡ್ತೀನಿ.”

“ಬೇಡ ಬೇಡ. ಬಲವಂತ ಮಾಡಿ ಕರೀಬೇಡ. ತಾವಾಗಿ ಬಂದ್ರೆ ಬರಲಿ.”

ಒಂದು ಬೆಳಿಗ್ಗೆ ಇಬ್ಬರೂ ಆ ಕೋಣೆಗೆ ಹೋಗಿ ಕೂತರು. ಒಬ್ಬನೇ ಹೋಗದ ನಾನು ಅವರ ಹಿಂದೆ ಹೋದೆ. ಮಿಷನ್ನು ಬಹಳ ದಿನದಿಂದ ಬಿಡದೆ ಓಡುತ್ತಿತ್ತು, ಬೇಕಾದಷ್ಟು ದಣಿದಿತ್ತು. ಕೊಳವೆ ಕಳಚಿಕೊಂಡಿತು, ಮಿಷನ್ನು ಕೂಗಿತು. ಸಿಕ್ಕಿಕೊಂಡಿತು, ಸುಮ್ಮನಾಯಿತು. ಮತ್ತೆ ಕಳಚಿಕೊಂಡಿತು, ಮತ್ತೆ ಕೂಗಿತು. ಪ್ರತಿ ಸಲ ಕೊಳವೆ ಕಳಚಿದಾಗಲೂ ಅತ್ತಿಗೆ ಉಸಿರು ಬಿಗಿ ಹಿಡಿಯುತ್ತಿದ್ದಳು, ಕೂಗಿದ ಕೂಡಲೇ ಬಿಡುತ್ತಿದ್ದಳು. ಕೂಗಬೇಡ, ಒಂದೇ ಒಂದು ಸಲ ಕೂಗಬೇಡ ಎಂದು ಆಕೆ ಬೇಡಿಕೊಳ್ಳುತ್ತಿದ್ದದ್ದು ನನಗೆ ಕಣ್ಣಿಗೆ ಕಾಣುವಷ್ಟು ನಿಚ್ಚಳವಾಗಿತ್ತು. ನಾನೂ ಅದನ್ನೇ ಬೇಡುತ್ತಿದ್ದೆ. ಕಪ್ಪು ಪರದೆಯ ಮೇಲೆ ಗೋಷ್ವಾರೆ ಆಗಾಗ ತನ್ನ ಹೆಸರು ಟೈಪ್ ಮಾಡುವಳು. ಹಸಿರು. ಇನ್ನೊಮ್ಮೆ. ಹಸಿರು. ಊಟದ ಹೊತ್ತು ಬಂದು ಹೋಯಿತು, ಯಾರೂ ಏಳಲಿಲ್ಲ. ಸುತ್ತಲಿನ ರಬ್ಬರ್ ಚೀಲಗಳು ತಮ್ಮ ಪಾಡಿಗೆ ಉಬ್ಬಿ ಕುಗ್ಗುತ್ತಿದ್ದವು. ಆ ದಿನ ಅವುಗಳ ಭಯ ನನಗೆ ಆಗಲಿಲ್ಲ. ಬಾರದವನೊಬ್ಬನನ್ನು ಕಾಯುವಾಗ ಬೇರೆ ಭಯಕ್ಕೆ ಜಾಗವಿರುವುದಿಲ್ಲ.

ಹೊರಗೆ ಎಲ್ಲರೂ ಬ್ಯಾಗು ಹೆಗಲಿಗೇರಿಸುವ ಸದ್ದಾದಾಗ ಅತ್ತಿಗೆ, “ಸಾಕು” ಎಂದಳು.

“ಇನ್ನೂ ಸ್ವಲ್ಪ ನೋಡೋಣ ಅತ್ತಿಗೆ. ನಾಳೆನೂ ಕೂರೋಣ.”

“ಇಲ್ಲ ಕಣೆ. ಹೇಳಬೇ‌ಕಾದ್ದು ಹೇಳಿ ಆಯ್ತು, ನಾವು ಕೇಳಿಸ್ಕೊಂಡೂ ಆಯ್ತು. ಇನ್ಯಾಕೆ ಬರ್ತಾರೆ? ಹಾಕಿಬಿಡು ಹೊಸದನ್ನ.”

ಗೋಷ್ವಾರೆಯ ಬೆರಳು ಕೀಲಿಯ ಮೇಲಿತ್ತು. ಒತ್ತಲಾಗಲಿಲ್ಲ. ಮೇಜಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. “ಫೇಲಾದದ್ದನ್ನ ಕೇಳದೆ ಬಿಡಬೇಡ ಅಂತ ನನಗೆ ಹೇಳಿಕೊಟ್ಟವರೇ ಅವರು ಅತ್ತಿಗೆ. ಅಷ್ಟು ಸಲ ಬಂದು ನಿಂತ್ರು. ಯಾಕೆ ಬಂದಿರಿ ಅಣ್ಣ ಅಂತ ಒಂದು ಮಾತು ಕೇಳಲಿಲ್ಲ ನಾನು.”

ಅತ್ತಿಗೆ ಅವಳ ಬೆನ್ನ ಮೇಲೆ ಕೈ ಇಟ್ಟಳು. ಇನ್ನೊಂದು ಕೈ ಚಾಚಿ, ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟು, ತಾನೇ ಎಂಟರ್ ಒತ್ತಿದಳು.

“ನಾನೂ ಕೇಳಲಿಲ್ಲ ಕಣೆ” ಎಂದಳು. “ನನ್ನ ನೋಡೋಕೆ ಬರ್ತಾರೆ ಅಂದ್ಕೊಂಡಿದ್ದೆ.”